ನೀಲವ್ವನ ಬಳ್ಳಿ

ಬಸು ಎರಡೂ ಕೈಗೆ ಬಳ್ಳಿ ಸುತ್ತಿಕೊಂಡು, ಕಾಲು ಊರಿ, ಮೈಯೆಲ್ಲ ಹಿಂದಕ್ಕೆ ಹಾಕಿ ಎಳೆದ. ಬಳ್ಳಿ ಬರಲಿಲ್ಲ. ಅದು ಹಬ್ಬಿದ್ದ ಬೇವಿನ ಟೊಂಗೆ ಬಾಗಿ, ಗುಲಾಬಿ ಬಣ್ಣದ ಸಣ್ಣ ಹೂವುಗಳು ಅವನ ತಲೆಯ ಮೇಲೆ ಉದುರಿದವು. ಅವನು ತೆಲುಗಿನಲ್ಲಿ ಒಂದು ಕೆಟ್ಟ ಬೈಗುಳ ಬೈದು, ಎಲ್ಲಿ ನಿಂತಿದ್ದೇನೆಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಸತ್ತ ಅವ್ವನನ್ನು ಮನೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿ ಬಂದವನು ಸುಡುಗಾಡಿನಲ್ಲಿ ನಿಂತು ಬೈಯುವುದೇ?

ಕುಣಿ ತೋಡಲು ಬಂದ ಇಬ್ಬರು ಗುದ್ದಲಿ ಪಕ್ಕಕ್ಕಿಟ್ಟು ಗೋಡೆಯ ನೆರಳಿಗೆ ಕೂತುಬಿಟ್ಟಿದ್ದರು. ಅವರದೇನೂ ತಪ್ಪಿಲ್ಲ. ಎಲ್ಲಿ ತೋಡಬೇಕೆಂದು ಹೇಳಿದರಲ್ಲವೇ ತೋಡುವುದು? ಅವನ ಅವ್ವ ಸಾಬಮ್ಮ ಬದುಕಿದ್ದಾಗ ಮಗಳು ದಾನೇಶ್ವರಿಯ ಕೈಹಿಡಿದು ಬೇಡಿದ್ದು ಒಂದೇ ಒಂದು: ತನ್ನನ್ನು ನೀಲವ್ವನ ಮಗ್ಗುಲಿಗೆ ಇಡಬೇಕು. ನೀಲವ್ವ ಆಕೆಯ ಚೊಚ್ಚಲ ಮಗಳು. ದಾನೇಶ್ವರಿ, ಬಸು ಇಬ್ಬರೂ ಹುಟ್ಟುವ ಮೊದಲೇ ತೀರಿಕೊಂಡ ಕೂಸು. ಅದರ ಗೋರಿ ಸ್ಮಶಾನದ ಕೆಳಗಿನ ಇಳಿಜಾರಿನಲ್ಲಿದೆ. ಇದೆ ಅಂದರೆ, ಇರಬೇಕು. ಈಗ ಅಲ್ಲಿ ಇಳಿಜಾರೂ ಕಾಣುವುದಿಲ್ಲ, ಗೋರಿಗಳೂ ಕಾಣುವುದಿಲ್ಲ. ಬೇವಿನಿಂದ ಹಿಡಿದು ಕುಂಟೆಯ ನೀರಿನ ದಡದವರೆಗೆ ಒಂದೇ ಸಮ ಬಳ್ಳಿ, ಎಲೆಗಿಂತ ಹೆಚ್ಚು ಹೂವು. ಸ್ಮಶಾನದ ಹಿಂದಿರುವ, ಹೈದರಾಬಾದಿನ ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ನಿಂತು ಜನ ಅದರ ಫೋಟೋ ತೆಗೆಯುತ್ತಾರೆ. ಕೆಳಗೇನಿದೆ ಅಂತ ಅವರಿಗೇನು ಗೊತ್ತು, ಪಾಪ.

ಸಾಬಮ್ಮನ ಗಂಡ ಮಲ್ಲಣ್ಣ ತನ್ನ ಕೋಲು ಚಾಚಿ ಒಮ್ಮೆ ಬೇವಿನ ಕಡೆ ತೋರಿಸಿದ, ಒಮ್ಮೆ ಕುಂಟೆಯ ಕಡೆ. ದೊಡ್ಡ ಬಂಡೆಯ ಮಗ್ಗುಲಿಗೆ ಎಂದು ಅವನ ನೆನಪು. ರಸ್ತೆ ಮಾಡುವಾಗ ಆ ಬಂಡೆ ಸಿಡಿಸಿ ಎಷ್ಟೋ ವರ್ಷವಾಗಿದೆ. ಕಣ್ಣಿಗೆ ಪೊರೆ ಬಂದ ಮುದುಕ ಇಲ್ಲದ ಬಂಡೆಯನ್ನು ಗುರುತು ಹಿಡಿದು ಮಗಳನ್ನು ಹುಡುಕುತ್ತಿದ್ದ. ಬಸುವಿಗೆ ಅಪ್ಪನ ಮುಖ ನೋಡಲಾಗಲಿಲ್ಲ.

ಬಿಸಿಲೇರುವ ಹೊತ್ತಿಗೆ ಸೂಗಪ್ಪ ಬಂದ. ಯಾದಗಿರಿ ಕಡೆಯಿಂದ ಕೂಲಿಗೆ ಬಂದವರಿಗಾಗಿ ಇಲ್ಲಿನ ಹಳೇ ಊರಿನವರ ಕೈಕಾಲು ಹಿಡಿದು ಈ ಮೂಲೆಯನ್ನು ಕೊಡಿಸಿದವನು ಅವನೇ. ಯಾರನ್ನು ಎಲ್ಲಿ ಇಡಬೇಕು ಎಂಬುದು ಇವತ್ತಿಗೂ ಅವನ ಮಾತು. ಕಲ್ಲು ಒಡೆದು ಒಡೆದು ಕೈ ಗಟ್ಟಿಯಾದವನು, ನಾಲಿಗೆ ಅದಕ್ಕಿಂತ ಗಟ್ಟಿ.

"ಈ ಬಿಸಿಲಾಗ ಸಂಜಿತನಕ ಇಟ್ಟರ ದೇಹ ತಡಿಯಂಗಿಲ್ಲೋ ಮಲ್ಲಣ್ಣ," ಅಂದ. "ಮ್ಯಾಲಿನ ಸಾಲಿನಾಗ ಜಾಗ ಐತಿ. ಅಲ್ಲೇ ಇಡೋಣು."

"ಅವ್ವ ಕೆಳಗ ಅಂದಾಳ, ಕಾಕಾ," ಎಂದ ಬಸು.

"ಅಂದಾಳ, ಖರೆ. ಕೆಳಗ ಯಾರಿಗೂ ಜಾಗ ಇಲ್ಲದಂಗ ಮಾಡಿದವರು ಯಾರಪಾ? ಬೇಲಿ ಎದ್ದು ಹೊಲ ಮೇಯ್ದಂಗ ಆಗೇತಿ. ನನ್ನ ಮಗ ಪರಮೇಶನೂ ಅದರಾಗೇ ಅದಾನ. ಅವನ ಜಾಗ ನೋಡಿ ಎಷ್ಟು ವರ್ಷಾತು ಅಂತ ಯಾರರ ಕೇಳೀರೇನು?"

ಬಸು ತಲೆ ತಗ್ಗಿಸಿದ. ಸೂಗಪ್ಪ ಮುಂದಿನದನ್ನು ದನಿ ತಗ್ಗಿಸಿಯೇ ಹೇಳಿದ. ಜೆಸಿಬಿ ಮಧ್ಯಾಹ್ನಕ್ಕೆ ಬರುತ್ತದೆ. ಸಾಬಮ್ಮ ಸಾಯುವ ಮೊದಲೇ ಗೊತ್ತುಮಾಡಿದ್ದು, ಈಗ ಬೇಡವೆಂದರೆ ಮಳೆಗಾಲ ಕಳೆಯುವವರೆಗೆ ಸಿಗುವುದಿಲ್ಲ. ಇಳಿಜಾರನ್ನೆಲ್ಲ ಕೆರೆದು, ಬೇರು ಸಾಯುವ ಔಷಧ ಸುರಿಯುವುದು ಎಂದು ಕೂಲಿಗಳ ಬಸ್ತಿಯವರೆಲ್ಲ ಕೂಡಿ ಮಾಡಿದ ತೀರ್ಮಾನ. ಅದು ಬರುವುದರೊಳಗೆ ನೀಲವ್ವನ ಗೋರಿ ಸಿಕ್ಕರೆ ಅಲ್ಲಿಡಿ, ಸಿಗದಿದ್ದರೆ ಮೇಲಿನ ಸಾಲು. ಹೋದ ವರ್ಷವೂ ಜೆಸಿಬಿ ಬಂದಿತ್ತು. ಸಾಬಮ್ಮ ಅದರ ಮುಂದೆ ನೆಲಕ್ಕೆ ಕೂತು ಎದ್ದಿರಲಿಲ್ಲ. ಈ ಸಲ ಕೂಡುವವರಿಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಹೊಳೆಯಿತು.

*

ನೀಲವ್ವ ಹೋದಾಗ ಈ ಮಾದಾಪುರವೆಂದರೆ ಬರೀ ಬಂಡೆ. ಮಲ್ಲಣ್ಣ, ಸಾಬಮ್ಮ ಸುರಪುರದ ಕಡೆಯಿಂದ ಗಂಟು ಹೊತ್ತು ಬಂದು, ಇನ್ನೂ ಎದ್ದಿರದ ಕಟ್ಟಡಗಳ ನಡುವೆ ತಗಡಿನ ಗುಡಿಸಲು ಹಾಕಿದ್ದರು. ಕೂಸಿಗೆ ಜ್ವರ ಬಂತು. ಕೆಲಸದ ಮೇಸ್ತ್ರಿ ಗಾಡಿ ಕೊಡುತ್ತೇನೆ ಅಂದ, ಗಾಡಿ ಬರುವುದರೊಳಗೆ ಕೂಸು ಹೋಯಿತು.

ಎಳೆ ಮಕ್ಕಳ ಗೋರಿಯ ಮೇಲೆ ಮುಳ್ಳು ಹಾಕುವುದು ಅವರಲ್ಲಿ ಪದ್ಧತಿ. ನಾಯಿ ನರಿ ಕೆದರಬಾರದೆಂದು ಜಾಲಿಯ ಕಂಟಿ ಕಡಿದು ತಂದು ಹಾಸಿ, ಮೇಲೆ ಕಲ್ಲು ಹೇರುತ್ತಾರೆ. ಮಲ್ಲಣ್ಣನೂ ಕಂಟಿ ತಂದ. ಸಾಬಮ್ಮ ಅದನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದುಕೊಂಡು ಬಿಡಲೇ ಇಲ್ಲ. ಅಂಗೈ ಹರಿದು ರಕ್ತ ಸುರಿಯಿತು.

"ನನ್ನ ಕೂಸಿಗೆ ಮುಳ್ಳು ಹೊದಿಸಬ್ಯಾಡ್ರಿ," ಅಂದಳು. "ಅಕಿಗೆ ನಾ ಹೂವು ಹೊದಿಸ್ತೀನಿ."

ಹೊಟ್ಟೆಯಲ್ಲಿ ದಾನೇಶ್ವರಿ ಇದ್ದಳು. ಬಸುರಿ ಹೆಂಗಸಿನ ಜೊತೆ ಯಾರು ಜಗ್ಗಾಡುತ್ತಾರೆ? ಹಿರಿಯರು ಸುಮ್ಮನಾದರು.

ಆ ದಿನಗಳಲ್ಲಿ ಅವರಿಬ್ಬರೂ ಊರಿನ ಇನ್ನೊಂದು ತುದಿಯ ತಾರ್ನಾಕದಲ್ಲಿ ಒಂದು ಮನೆಗೆ ಮೇಲ್ಮಹಡಿ ಏರಿಸುವ ಕೆಲಸಕ್ಕೆ ಹೋಗುತ್ತಿದ್ದರು. ಆ ಮನೆಯ ಯಜಮಾನಿ ಸುಂದರಾಬಾಯಿ ಕಲಬುರಗಿಯವರು, ಕನ್ನಡ ಕೇಳಿದರೆ ಚಹಾ ಕೊಟ್ಟು ಕೂಡಿಸಿಕೊಳ್ಳುವಂಥವರು. ಅವರ ಗೇಟಿನ ಮೇಲೆ ಕಮಾನಾಗಿ ಹಬ್ಬಿಸಿದ ಒಂದು ಬಳ್ಳಿ ಇತ್ತು, ಯಾವುದೋ ದೂರದೇಶದ್ದು, ಗುಲಾಬಿ ಹೂವಿನದು. ಸಾಬಮ್ಮ ಇಟ್ಟಿಗೆಯ ಬುಟ್ಟಿ ಇಳಿಸಿ ಅದನ್ನೇ ನೋಡುತ್ತ ನಿಲ್ಲುವುದನ್ನು ಸುಂದರಾಬಾಯಿ ಗಮನಿಸಿದರು. ಕಾರಣ ಕೇಳಿದರು, ಕೇಳಿ ಕಣ್ಣೊರಸಿಕೊಂಡು, ತಾವೇ ಮಣ್ಣು ಕೆದರಿ ಒಂದು ಗಡ್ಡೆ ಕಿತ್ತು ಕೊಟ್ಟರು.

"ಚಳಿಗಾಲದಾಗ ಪೂರಾ ಒಣಗ್ತದ ನೋಡು ಸಾಬಮ್ಮ," ಅಂದರು. "ಸತ್ತದ ಅಂತ ತಿಳಕೊಂಡು ಕೀಳಬ್ಯಾಡ. ಗಡ್ಡಿ ಒಳಗ ಜೀವಂತ ಇರ್ತದ."

ಹಾಗೇ ಆಯಿತು. ಆಗ ಹೈದರಾಬಾದಿಗೆ ಚಳಿ ಬರುತ್ತಿತ್ತು. ಎಳ್ಳಮಾವಾಸ್ಯೆಯ ಹೊತ್ತಿಗೆ ಕೂಲಿಯವರು ಹಳೇ ಟೈರು ಸುಟ್ಟು ಮೈ ಕಾಯಿಸಿಕೊಳ್ಳುತ್ತಿದ್ದರು. ಬಳ್ಳಿ ಕಂದು ತಿರುಗಿ ಗೋರಿಯ ಮೇಲೆ ಮುದುಡಿ ಬೀಳುತ್ತಿತ್ತು. ಸಾಬಮ್ಮ ಮನೆಗೆ ಬಂದು, ನೀಲವ್ವ ಮಲಗಿದಳು ಎನ್ನುತ್ತಿದ್ದಳು. ಯುಗಾದಿ ದಾಟಿ ಬಿಸಿಲು ಕಾಯತೊಡಗಿದರೆ ಮೊದಲ ಚಿಗುರು. ನೀಲವ್ವ ಎದ್ದಳು ಎನ್ನುತ್ತಿದ್ದಳು. ಮಕ್ಕಳಿಗೆ ಅದೊಂದು ಹಬ್ಬದ ಲೆಕ್ಕವೇ ಆಗಿತ್ತು. ಸತ್ತ ಅಕ್ಕ ಮಲಗುವುದೂ ಏಳುವುದೂ ಎಲ್ಲರ ಮನೆಯಲ್ಲೂ ಇರುತ್ತದೆಂದು ದಾನೇಶ್ವರಿ ಬಹಳ ದಿನ ನಂಬಿದ್ದಳು.

ಆ ಚಳಿ ಯಾವ ವರ್ಷ ಬರುವುದನ್ನು ಬಿಟ್ಟಿತೆಂದು ಬಸ್ತಿಯಲ್ಲಿ ಯಾರೂ ಗಮನಿಸಲಿಲ್ಲ. ಟೈರು ಸುಡುವುದು ನಿಂತಿತು, ಎಳ್ಳಮಾವಾಸ್ಯೆಗೂ ಫ್ಯಾನು ತಿರುಗಿತು, ಒಳ್ಳೆಯದೇ ಆಯಿತು ಅಂದುಕೊಂಡರು. ಸಾಬಮ್ಮನೊಬ್ಬಳಿಗೆ ಗೊತ್ತಾಯಿತು. ಅವತ್ತು ಸ್ಮಶಾನದಿಂದ ಓಡುತ್ತಲೇ ಬಂದು, ಮಾಡಿಟ್ಟಿದ್ದ ಸಜ್ಜೆ ರೊಟ್ಟಿ ಮಕ್ಕಳ ಕೈಗೆ ಕೊಡುತ್ತ, "ಈ ಸಲ ನೀಲವ್ವ ಮಲಗೇ ಇಲ್ಲ. ನಗಾಕತ್ತಾಳ," ಅಂದಳು. ಅವ್ವನ ಮುಖದಲ್ಲಿ ಅಷ್ಟು ಸಂತೋಷವನ್ನು ದಾನೇಶ್ವರಿ ಹಿಂದೆ ನೋಡಿರಲಿಲ್ಲ. ಅವಳಿಗೆ ಯಾಕೋ ಹೆದರಿಕೆಯಾಯಿತು.

ನಿದ್ದೆಗೆಟ್ಟ ಕೂಸು ಒಂದು ಕಡೆ ಕೂಡುತ್ತದೆಯೇ? ಮರುವರ್ಷ ಬಳ್ಳಿ ಪಕ್ಕದ ಗೋರಿಗೆ ಕೈ ಹಾಕಿತು. ಮೊದಮೊದಲು ಎಲ್ಲರೂ ಹೊಗಳಿದರು, ಪೂಜೆಗೆ ಹೂವು ಕಿತ್ತುಕೊಂಡು ಹೋದರು. ಆಮೇಲೆ ಅದು ಸಾಲು ದಾಟಿತು, ಬೇವು ಹತ್ತಿತು. ಬಿಸಿಲು ಹೆಚ್ಚಾದಷ್ಟೂ ಅದಕ್ಕೆ ಹುರುಪು; ಮನುಷ್ಯರು ಬಾಡುವ ಮೇ ತಿಂಗಳಲ್ಲಿ ಅದು ಮೈತುಂಬ ಅರಳುತ್ತಿತ್ತು. ಅಮಾವಾಸ್ಯೆಗೆ ಎಡೆ ಇಡಲು ಹೋದವರು ಯಾರ ಗೋರಿ ಎಲ್ಲಿದೆ ಎಂದು ತಿಳಿಯದೆ ಬಳ್ಳಿಯ ಅಂಚಿನಲ್ಲೇ ತಟ್ಟೆ ಇಟ್ಟು ವಾಪಸಾಗತೊಡಗಿದರು. ನೀಲವ್ವ ನನ್ನ ಗಂಡನನ್ನೂ ಒಯ್ದಳು ಎಂದು ಒಬ್ಬ ಹೆಂಗಸು ನಗೆಯಾಡಿದಳು. ನಗೆಯಲ್ಲೇ ಹೆಸರು ನಿಂತಿತು: ನೀಲವ್ವನ ಬಳ್ಳಿ.

*

ಮನೆಯಲ್ಲಿ ಸಾಬಮ್ಮನನ್ನು ಹಸಿರು ಸೀರೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಬಾಗಿಲಿಗೆ ಮುಖಮಾಡಿ ಕೂಡಿಸಿದ್ದರು. ತಲೆ ವಾಲದಂತೆ ಗದ್ದಕ್ಕೆ ಬಟ್ಟೆ ಕಟ್ಟಿತ್ತು. ದಾನೇಶ್ವರಿ ಮಗ್ಗುಲಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ಸತ್ತವರಿಗೆ ಗಾಳಿ ಬೇಕೇ ಎಂದು ಯಾರೂ ಕೇಳಲಿಲ್ಲ. ಬಿಸಿಲು ಬಡಿದೇ ಅಲ್ಲವೇ ಅವಳು ಸತ್ತದ್ದು.

ನಿನ್ನೆ ಮಧ್ಯಾಹ್ನ ಕೆಲಸ ಮುಗಿಸಿ ನೇರ ಸ್ಮಶಾನಕ್ಕೆ ಹೋಗಿದ್ದಳು. ಬಳ್ಳಿಯ ಅಂಚಿನಲ್ಲಿ ಕುಡಗೋಲು ಹಿಡಿದು ಬಿದ್ದಿದ್ದವಳನ್ನು ಕುಂಟೆಯ ಕಡೆ ಎಮ್ಮೆ ಮೇಯಿಸುವವರು ನೋಡಿ ಕೂಗಿದರು. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು.

ಹೆಂಗಸರು ಅಳುವ ನಡುವೆ ಮಾತೂ ಆಡಿದರು. ಸತ್ತವಳ ಎದುರಿಗೆ ಸತ್ತವಳ ಮೇಲೆ ದೂರು ಹೇಳುವುದೇನು ಹೊಸದಲ್ಲ. ತಾನೇ ಹಚ್ಚಿದ್ದನ್ನು ತಾನೇ ಕಡಿಯುತ್ತೇನೆಂದು ಹೊರಟಳು, ಕಡಿದರೆ ಒಂದಕ್ಕೆ ಹತ್ತಾಯಿತು. ಔಷಧ ಹೊಡೆಯುತ್ತೇವೆಂದರೆ ಬಿಡಲಿಲ್ಲ. ಅದರ ಬೀಜ ಮಳೆನೀರಿಗೆ ತೇಲಿ ಕುಂಟೆಯ ಸುತ್ತಲೂ ಎದ್ದು ನಿಂತಿದೆ. ಇದೆಲ್ಲ ನಿಜವೇ ಆದ್ದರಿಂದ ದಾನೇಶ್ವರಿ ಎದುರಾಡಲಿಲ್ಲ. ಅವಳಿಗೆ ಬೇರೊಂದು ನೆನಪಾಯಿತು. ಅವ್ವ ತೋಟದ ಕೆಲಸ ಮಾಡುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಸೂಪರ್‌ವೈಜರು ಗೇಟಿನ ಕಮಾನಿಗೆ ಆ ಗುಲಾಬಿ ಬಳ್ಳಿ ತಂದು ಹಚ್ಚು ಅಂದಿದ್ದನಂತೆ. ಯಾವ ಕೆಲಸಕ್ಕೂ ಇಲ್ಲ ಅನ್ನದ ಅವ್ವ ಅದೊಂದಕ್ಕೆ ಆಗುವುದಿಲ್ಲ ಅಂದು ಬಂದಿದ್ದಳು. ಅವತ್ತು ಉಣ್ಣಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ, "ಅಕಿ ನನ್ನ ಮಾತು ಕೇಳವಲ್ಲಳು, ದಾನವ್ವ. ನಾನೇ ಅಕಿ ನಿದ್ದಿ ಕೆಡಿಸೀನೇನು?" ಎಂದು ಕೇಳಿದ್ದಳು. ಆಗಲೇ ಮಗಳ ಕೈ ಹಿಡಿದು, ಸತ್ತರೆ ಅವಳ ಮಗ್ಗುಲಿಗೇ ಇಡು ಎಂದು ಆಣೆ ಹಾಕಿಸಿಕೊಂಡದ್ದು.

ಬಸುವಿನ ಫೋನು ಬಂತು. ಅಕ್ಕಾ, ಸಿಗವಲ್ಲದು, ಜೆಸಿಬಿ ಹೊರಟಿದೆಯಂತೆ ಎಂದ. ದಾನೇಶ್ವರಿ ಬೀಸಣಿಗೆ ಪಕ್ಕದವಳ ಕೈಗೆ ಕೊಟ್ಟು ಎದ್ದಳು. ಹೆತ್ತವಳನ್ನು ಬಿಟ್ಟು ಮಗಳು ಹೊಸ್ತಿಲು ದಾಟಬಾರದೆಂದು ಹೆಂಗಸರು ಸೆರಗು ಹಿಡಿದರು. ಅವಳು ಬಿಡಿಸಿಕೊಂಡು ಹೋದಳು.

*

ಅವಳು ಮೊದಲು ಹೋಗಿ ನಿಂತದ್ದು ಅವ್ವ ಬಿದ್ದಿದ್ದ ಕಡೆ. ಕುಡಗೋಲು ಅಲ್ಲೇ ಇತ್ತು. ಸುತ್ತ ನೋಡಿದಳು. ಕಡಿದ ಬಳ್ಳಿ ಒಂದು ತುಂಡೂ ಇಲ್ಲ. ನಿನ್ನೆಯದಿಲ್ಲ, ಸರಿ, ಹಳೆಯದೂ ಇಲ್ಲ. ಅಮಾವಾಸ್ಯೆ ಅಮಾವಾಸ್ಯೆಗೆ ಬಂದು ಕಡಿಯುತ್ತಾಳೆ ಎಂದು ಬಸ್ತಿಯೇ ನಂಬಿದ್ದ ಹೆಂಗಸು ಇಲ್ಲಿ ಏನು ಮಾಡುತ್ತಿದ್ದಳು? ದಾನೇಶ್ವರಿ ಕೂತು ನೋಡಿದಳು. ಕೂತರೆ ಮಾತ್ರ ಕಾಣುವಂತೆ, ಬಳ್ಳಿಯ ಬುಡದಲ್ಲಿ ಒಂದು ಕಿಂಡಿ ಇತ್ತು. ಒಳಗಿನ ನೆಲ ಮಂಡಿ ಸವೆದು ನುಣುಪಾಗಿತ್ತು.

ಅವಳು ಅಂಬೆಗಾಲಿಟ್ಟು ಒಳಗೆ ಹೋದಳು.

ಹೊರಗಿನ ಬಿಸಿಲು ಹಿಂದೆ ಉಳಿಯಿತು. ತಲೆಯ ಮೇಲೆ ಜೇನುಹುಳುಗಳ ಸದ್ದು, ಹಸಿರು ಬೆಳಕು, ಹುಳಿ ವಾಸನೆ. ಬಳ್ಳಿ ಮೈಗೆ ತಾಗುತ್ತಿತ್ತು. ಯಾರೋ ಸಣ್ಣ ಬೆರಳಿನಲ್ಲಿ ಕೂದಲು ಹಿಡಿದು ಬಿಟ್ಟಂತಾಗಿ ಅವಳು ಎರಡು ಸಲ ಹಿಂದೆ ತಿರುಗಿ ನೋಡಿದಳು. ಹೆದರಿಕೆಯಾಯಿತು, ಆದರೂ ಹೋದಳು. ಸ್ವಲ್ಪ ದೂರಕ್ಕೆ ದಾರಿ ಅಗಲವಾಗಿ ಒಬ್ಬರು ಕೂಡುವಷ್ಟು ಎತ್ತರವಾಯಿತು. ಅಲ್ಲಿ ನೆಲ ಗುಡಿಸಿ ಸೆಗಣಿ ಸಾರಿಸಿತ್ತು. ಸಾರಿಸಿದ ನೆಲದ ಮೇಲೆ ಸಣ್ಣ ದಿಬ್ಬ. ಅದರ ತಲೆಗೆ ಮೊಸರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು.

ಸಿಕ್ಕಿತು ಅಂದುಕೊಂಡಳು. ಅಪ್ಪಾ ಎಂದು ಕೂಗಬೇಕೆನ್ನುವಾಗ ಅದರ ಆಚೆಗೆ ಇನ್ನೊಂದು ದಿಬ್ಬ ಕಂಡಿತು. ಅದರ ಆಚೆ ಮತ್ತೊಂದು. ಎಲ್ಲವೂ ಮಕ್ಕಳವು, ಸಣ್ಣ ಸಣ್ಣವು. ಎಲ್ಲದಕ್ಕೂ ಅಷ್ಟೇ ಅಚ್ಚುಕಟ್ಟಾಗಿ ಸಾರಿಸಿತ್ತು, ಎಲ್ಲದರ ತಲೆಗೂ ಒಂದೊಂದು ಡಬ್ಬಿ ನೀರು. ಒಂದಕ್ಕೆ ಹೆಚ್ಚಿಲ್ಲ, ಒಂದಕ್ಕೆ ಕಡಿಮೆಯಿಲ್ಲ. ಇವುಗಳಲ್ಲಿ ತನ್ನ ಮಗಳದು ಯಾವುದೆಂದು ಗುರುತಿದ್ದ ತಾಯಿ ಹೀಗೆ ಮಾಡುತ್ತಿರಲಿಲ್ಲ. ಅವ್ವನಿಗೆ ಗೊತ್ತಿರಲಿಲ್ಲ. ಬಳ್ಳಿ ಆಕೆಯ ಗುರುತನ್ನೂ ನುಂಗಿತ್ತು. ಒಂದನ್ನು ಬಿಟ್ಟು ಅದೇ ನೀಲವ್ವನದಾದರೆ ಎಂಬ ಭಯಕ್ಕೆ ಅಷ್ಟೂ ಮಕ್ಕಳಿಗೆ ನೀರಿಟ್ಟಿದ್ದಳು. ಬೆಳಗಿನಿಂದ ತಡೆದಿದ್ದ ಅಳು ದಾನೇಶ್ವರಿಗೆ ಅಲ್ಲಿ ಬಂತು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಮಗ್ಗುಲಿಗೆ ಇಡು ಅಂದೆಯಲ್ಲ ಯವ್ವಾ, ಯಾರ ಮಗ್ಗುಲಿಗೆ ಇಡಲಿ?

ಹೊರಗೆ ಜೆಸಿಬಿ ಬಂದ ಸದ್ದಾಯಿತು. ಅವಳು ಕಣ್ಣೊರಸಿಕೊಂಡು ಕೂಗಿದಳು.

ಮಲ್ಲಣ್ಣ ಕೋಲು ಹೊರಗೆ ಬಿಟ್ಟು ತೆವಳುತ್ತ ಬಂದ. ಅವನ ಹಿಂದೆ, ಏನಿದು ಎಂದು ಗೊಣಗುತ್ತ ಸೂಗಪ್ಪನೂ ಬಂದ. ಬಂದವನು ದಿಬ್ಬಗಳ ಸಾಲು ನೋಡುತ್ತ ಕೊನೆಯವರೆಗೆ ತೆವಳಿದ.

"ಅಪ್ಪಾ, ಯಾವುದು?" ಎಂದು ದಾನೇಶ್ವರಿ ಕೇಳಿದಳು.

ಮಲ್ಲಣ್ಣ ಒಂದೊಂದೇ ದಿಬ್ಬದ ಮೇಲೆ ಅಂಗೈ ಇಡುತ್ತ ಮುಂದೆ ಹೋದ. ಗೋಡೆಯ ಕಡೆಯ ಕೊನೆಯ ದಿಬ್ಬಕ್ಕೆ ತಲೆಗೊಂದು ಮೊಳದುದ್ದದ ಕಲ್ಲು ನಿಲ್ಲಿಸಿತ್ತು. ಅದನ್ನು ಮುಟ್ಟಿದ್ದೇ ಮುದುಕ ಅಲ್ಲೇ ಕೂತುಬಿಟ್ಟ.

"ಇದೇ. ಬಂಡಿಗಲ್ಲು ಇತ್ತು ಅಂದಿಲ್ಲೇನು? ಅದರ ಚೂರು ಉಳದೈತಿ ನೋಡು. ಇಲ್ಲೇ ಐತವ್ವ ನಮ್ಮ ಕೂಸು."

ಅವನು ದಿಬ್ಬದ ಮೇಲೆ ತಲೆಯಿಟ್ಟು ಮಗಳ ಹೆಸರು ಹಿಡಿದು ಅಳತೊಡಗಿದ. ಇಷ್ಟು ವರ್ಷದಲ್ಲಿ ಅಪ್ಪ ಆ ಹೆಸರು ಹೇಳಿದ್ದನ್ನು ದಾನೇಶ್ವರಿ ಕೇಳಿರಲಿಲ್ಲ. ನಂಬಬೇಕೆಂದು ಅವಳ ಜೀವವೆಲ್ಲ ಹೇಳುತ್ತಿತ್ತು. ಆದರೆ ಆಣೆ ಮಾಡಿದ್ದಳು. ಇಲ್ಲಿ ಇಟ್ಟವರ ಲೆಕ್ಕವೆಲ್ಲ ಗೊತ್ತಿರುವವನು ಒಬ್ಬನೇ. ಅವನ ಕಡೆ ತಿರುಗಿದಳು.

ಸೂಗಪ್ಪ ಆ ಕಲ್ಲಿನ ಹಿಂದೆ ಕೂತಿದ್ದ. ಕಲ್ಲಿನ ಹಿಂಬದಿಗೆ ಮೆತ್ತಿದ ಮಣ್ಣನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದ. ಮಣ್ಣಿನಡಿಯಿಂದ, ಅವನಿಗಷ್ಟೇ ಕಾಣುವ ಕಡೆ, ಒಂದು ಬುಗುರಿಯ ಚಿತ್ರ ಎದ್ದು ಬಂತು. ಆಟಕ್ಕೆ ಕರೆದರೆ ಊಟ ಬಿಟ್ಟು ಓಡುತ್ತಿದ್ದ ಮಗ ಪರಮೇಶನಿಗೆಂದು, ಅವನನ್ನು ಮಣ್ಣು ಮಾಡಿದ ದಿನ ತಾನೇ ಉಳಿ ಹಿಡಿದು ಕೆತ್ತಿದ ಬುಗುರಿ. ಅದರ ಮುಂದೆ ಸಾರಿಸಿದ ನೆಲ, ತುಂಬಿಟ್ಟ ನೀರು.

"ಕಾಕಾ," ಎಂದಳು ದಾನೇಶ್ವರಿ. "ಇದು ನೀಲವ್ವಂದೇ ಹೌದಲ್ಲ?"

ಸೂಗಪ್ಪ ನೀರಿನ ಡಬ್ಬಿಯನ್ನು ನೋಡಿದ. ಅಳುತ್ತಿದ್ದ ಮಲ್ಲಣ್ಣನನ್ನು ನೋಡಿದ.

"ಹೌದು ತಂಗಿ," ಅಂದ. "ಇದೇ. ನಾನೇ ಇಡಿಸಿದ್ದು, ನನಗ ನೆನಪೈತಿ."

ಆಮೇಲೆ ಕಿಂಡಿಯ ಕಡೆ ತಿರುಗಿ, ಜೆಸಿಬಿಯನ್ನು ವಾಪಸು ಕಳಿಸು, ಕೈಯಿಂದಲೇ ದಾರಿ ಬಿಡಿಸಿರಿ ಎಂದು ಬಸುವಿಗೆ ಕೂಗಿ ಹೇಳಿದ. ಬಸ್ತಿಗೆ ನಾನು ಉತ್ತರ ಕೊಡುತ್ತೇನೆ ಅಂದ.

ಕುಡಗೋಲುಗಳು ಬಂದವು. ದಾರಿ ಅಗಲವಾಯಿತು, ಬಿಸಿಲು ಒಳಗೆ ಬಿತ್ತು. ಕುಣಿ ತೋಡುವಾಗ ಗುದ್ದಲಿಗೆ ಗೆಣಸಿನಂಥ ಗಡ್ಡೆಗಳು ಸಿಗುತ್ತಲೇ ಹೋದವು. ಎಷ್ಟು ಆಳಕ್ಕಿಳಿದರೂ ಇದ್ದವು. ತೋಡುವವರು ಅವನ್ನು ಮೇಲಕ್ಕೆ ಎಸೆದರು. ಹೊತ್ತು ಇಳಿಯುವ ಮೊದಲು ಸಾಬಮ್ಮನನ್ನು ಭಜನೆಯೊಂದಿಗೆ ತಂದು, ಕುಣಿಯಲ್ಲಿ ಇಳಿಸಿ, ಕಲ್ಲಿನ ದಿಬ್ಬದ ಮಗ್ಗುಲಿಗೆ ಕೂಡಿಸಿದರು. ಅಯ್ಯನವರು ಪತ್ರಿ ಏರಿಸಿ ಮಂತ್ರ ಹೇಳಿದರು. ದಾನೇಶ್ವರಿ ಅವ್ವನ ಕಿವಿಯ ಹತ್ತಿರ ಬಗ್ಗಿ, ನಿನ್ನ ಕೂಸಿನ ಮಗ್ಗುಲಿಗೇ ಇಟ್ಟಿದ್ದೇನೆ ಎಂದು ಹೇಳಿ ಮೇಲೆ ಬಂದಳು. ಎದೆ ಹಗುರಾಗಿತ್ತು.

ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕಿದರು. ಸೂಗಪ್ಪನನ್ನು ಕರೆದರು. ಅವನು ಏಳಲಿಲ್ಲ. ಕುಣಿ ತೋಡಲು ಶುರುವಾದಾಗಿನಿಂದ ಅವನು ಆ ಕಲ್ಲಿನ ಹಿಂಬದಿಗೆ ಬೆನ್ನು ಒತ್ತಿಕೊಂಡು ಕೂತಿದ್ದ. ಕಾಲು ಜೋಮು ಹಿಡಿದಿರಬೇಕೆಂದು ಎಲ್ಲರೂ ತಿಳಿದರು. ಒಂದು ಕೈ ಬೆನ್ನ ಹಿಂದೆ ಇತ್ತು. ಇನ್ನೊಂದನ್ನು ಕೂತಲ್ಲಿಂದಲೇ ಚಾಚಿದ. ಬಸು ಆ ಅಂಗೈಗೆ ಮಣ್ಣು ತುಂಬಿದ.